ಹಿಮದ ಬಯಲಿನ ‘ಮದ್ದು’

ಮೇ ತಿಂಗಳೆಂದರೆ ನಮ್ಮಲ್ಲಿ ಮಾವಿನ ಹಣ್ಣು ಬುಟ್ಟಿ ತುಂಬುವ ಕಾಲ. ಅದೇ ಹೊತ್ತಿಗೆ ಟಿಬೆಟ್ ಪ್ರಸ್ಥಭೂಮಿಯ ಈಶಾನ್ಯ ಅಂಚಿನಲ್ಲಿ ಹಿಮ ಕರಗಿ ನೆಲ ಆಗಷ್ಟೇ ಮೆತ್ತಗಾಗಿರುತ್ತದೆ. ಸಮುದ್ರಮಟ್ಟದಿಂದ ಸುಮಾರು 2,800 ಮೀಟರಿನಿಂದ 4,200 ಮೀಟರ್‌ವರೆಗಿನ ಎತ್ತರ ಅದು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಎರಡು ಸಾವಿರ ಮೀಟರನ್ನೂ ಮುಟ್ಟುವುದಿಲ್ಲ ಎಂದು ನೆನೆದರೆ ಅಂದಾಜು ಸಿಕ್ಕೀತು. ಅಲ್ಲಿ ಗಾಳಿ ತೆಳು, ಬಿಸಿಲು ಚುರುಕು, ರಾತ್ರಿಯ ಚಳಿ ಎಲುಬು ಕೊರೆಯುವಂಥದು.

ಆ ಬಯಲಿನ ಬಿಸಿಲು ಬೀಳುವ ಇಳಿಜಾರುಗಳಲ್ಲಿ, ಇಡೀ ಚಳಿಗಾಲ ಮಣ್ಣಿನಡಿ ಮಲಗಿದ್ದ ದಪ್ಪ ಬೇರೊಂದು ಮೊಳಕೆ ತಳ್ಳುತ್ತದೆ. ಕೆಲವೇ ವಾರಗಳಲ್ಲಿ ಮೊಣಕಾಲೆತ್ತರದ, ಒಮ್ಮೊಮ್ಮೆ ಸೊಂಟದೆತ್ತರದ ಗಿಡ ಸಿದ್ಧ. ಅಗಲ ಎಲೆಗಳು. ಅವುಗಳ ಕಂಕುಳಲ್ಲಿ ತಲೆ ತಗ್ಗಿಸಿದ, ಗಂಟೆಯಾಕಾರದ ಕಡುನೇರಳೆ ಹೂಗಳು. ಹೂ ಉದುರಿದ ಮೇಲೆ ಅದರ ಬುಡದ ಹಸುರು ಬಟ್ಟಲು ಬಾಡುವುದಿಲ್ಲ. ಅದು ದಿನದಿನಕ್ಕೆ ಹಿಗ್ಗಿ, ತೊಗಲಿನಂತೆ ಗಟ್ಟಿಯಾಗಿ, ಒಳಗಿನ ಕಾಯಿಗೆ ಕವಚವಾಗುತ್ತದೆ. ಕಾಯಿ ಬಲಿತಾಗ ಡಬ್ಬಿಯ ಮುಚ್ಚಳ ತೆಗೆದಂತೆ ಮೇಲಿನ ಭಾಗ ಬಿಚ್ಚಿಕೊಂಡು ಬೀಜ ಚೆಲ್ಲುತ್ತದೆ.

ನೋಡಲು ಚೆಲುವಾದ ಈ ಗಿಡದ ಬೇರು, ಎಲೆ, ಬೀಜ ಎಲ್ಲವೂ ವಿಷ. ಆದರೂ ಶತಮಾನಗಳಿಂದ ಟಿಬೆಟಿನ ವೈದ್ಯರು ನೋವು ನೀಗಲು ಇದನ್ನೇ ನೆಚ್ಚಿದ್ದಾರೆ. 1960ರ ದಶಕದಲ್ಲಿ ಸಾವಿನಂಚಿಗೆ ಹೋಗಿದ್ದ ಮಕ್ಕಳಿಗೆಂದು ಬೀಜಿಂಗಿನ ವೈದ್ಯರು ಸಿರಿಂಜಿಗೆ ಏರಿಸಿದ್ದೂ ಇದರ ಸಾರವನ್ನೇ.

ಕನ್ನಡದಲ್ಲಿ ‘ಮದ್ದು’ ಎಂಬ ಪದಕ್ಕೊಂದು ವಿಚಿತ್ರ ಗುಣವಿದೆ. ಮದ್ದು ಕೊಟ್ಟರು ಎಂದರೆ ಔಷಧ ಕೊಟ್ಟರು ಎಂದರ್ಥ. ಮದ್ದು ಹಾಕಿದರು ಎಂದರೆ ಊಟದಲ್ಲಿ ಏನನ್ನೋ ಬೆರೆಸಿ ಕೆಡುಕು ಮಾಡಿದರು ಎಂದರ್ಥ. ಈ ಹಿಮದ ಬಯಲಿನ ಗಿಡಕ್ಕೆ ಇದಕ್ಕಿಂತ ಒಪ್ಪುವ ಪದ ಇನ್ನೊಂದು ಸಿಗಲಾರದು.

ಅಡಿಗೆಮನೆಯ ನೆಂಟ

ಸಸ್ಯವಿಜ್ಞಾನಿಗಳು ಇದನ್ನು ‘ಅನಿಸೋಡಸ್ ಟಾಂಗ್ಯುಟಿಕಸ್’ ಎಂದು ಕರೆಯುತ್ತಾರೆ. ಹೆಸರು ಬಾಯಿಗೆ ಬಾರದಿದ್ದರೂ ಕುಲ ಮಾತ್ರ ನಮಗೆ ಅಪರಿಚಿತವಲ್ಲ. ಇದು ಬದನೆಯ ಕುಟುಂಬ. ಎಣ್ಣೆಗಾಯಿಯ ಬದನೆ, ಸಾರಿನ ಟೊಮೆಟೊ, ಪಲ್ಯದ ಆಲೂಗಡ್ಡೆ, ಒಗ್ಗರಣೆಯ ಮೆಣಸಿನಕಾಯಿ ಎಲ್ಲವೂ ಇದರ ದಾಯಾದಿಗಳೇ. ಹಿತ್ತಿಲಿನ ಗಣಿಕೆ ಸೊಪ್ಪು, ಆಯುರ್ವೇದದ ಅಶ್ವಗಂಧ, ಬೀಡಿಯೊಳಗಿನ ಹೊಗೆಸೊಪ್ಪು ಕೂಡ ಇದೇ ಬಳಗದವು.

ಆದರೆ ಗುಣದಲ್ಲಿ ತೀರ ಹತ್ತಿರದ ಸಂಬಂಧಿಯನ್ನು ಹುಡುಕಬೇಕಾದರೆ ಊರಾಚೆಯ ತಿಪ್ಪೆಯ ಬಳಿಗೆ ಹೋಗಬೇಕು. ಬಿಳಿಯ ತುತ್ತೂರಿ ಹೂವಿನ, ಮುಳ್ಳುಕಾಯಿಯ ದತ್ತೂರಿ ಅಲ್ಲಿ ನಿಂತಿರುತ್ತದೆ. ಮದಗುಣಿಕೆ, ಉಮ್ಮತ್ತಿ ಎಂದೂ ಅದಕ್ಕೆ ಹೆಸರು. ಮದ, ಉನ್ಮತ್ತ ಎಂಬ ಮಾತುಗಳು ಆ ಹೆಸರುಗಳಲ್ಲೇ ಕುಳಿತಿವೆ. ತಿಂದವನಿಗೆ ಏನಾಗುತ್ತದೆ ಎಂಬುದನ್ನು ಹಳ್ಳಿಯ ಜನ ಹೆಸರಿನಲ್ಲೇ ಬರೆದಿಟ್ಟಿದ್ದಾರೆ! ದತ್ತೂರಿಯಲ್ಲಿರುವ ಹಯೋಸಯಮಿನ್, ಅಟ್ರೋಪಿನ್, ಸ್ಕೋಪೋಲಮಿನ್ ಎಂಬ ಸಸ್ಯಕ್ಷಾರಗಳೇ ಟಿಬೆಟಿನ ಈ ಗಿಡದಲ್ಲೂ ಇವೆ. ತಿಪ್ಪೆಯ ಪಕ್ಕದ ಗಿಡವೂ ಹಿಮದ ಪಕ್ಕದ ಗಿಡವೂ ತಯಾರಿಸುವ ವಿಷ ಒಂದೇ.

ಈ ಗುಂಪಿನ ಗಿಡಗಳಲ್ಲಿ ವಿಷ ಮೊದಲು ತಯಾರಾಗುವುದು ಬೇರಿನಲ್ಲಿ. ಅಲ್ಲಿಂದ ಅದು ಕಾಂಡ, ಎಲೆ, ಬೀಜಗಳಿಗೆ ಏರುತ್ತದೆ. ಮದ್ದಿಗಾಗಿ ಬರುವವರ ಕಣ್ಣು ಬೇರಿನ ಮೇಲೇ ಬೀಳುವುದು ಇದರಿಂದಾಗಿ. ಗಿಡಕ್ಕೆ ಈಗ ಒದಗಿರುವ ಕುತ್ತಿನ ಮೂಲವೂ ಅಲ್ಲೇ ಇದೆ.

ಕರಿಯದು, ಬಿಳಿಯದು

ಟಿಬೆಟನ್ ಭಾಷೆಯಲ್ಲಿ ಈ ಗಿಡ ‘ತಂಗ್‌ತ್ರೋಮ್ ನಗ್ಪೊ’. ನಗ್ಪೊ ಎಂದರೆ ಕಪ್ಪು. ಕರಿಯದಿದ್ದ ಮೇಲೆ ಬಿಳಿಯದೂ ಇರಬೇಕಲ್ಲ? ಇದೆ. ಅದು ‘ತಂಗ್‌ತ್ರೋಮ್ ಕರ್ಪೊ’. ಇನ್ನೂ ಎತ್ತರದಲ್ಲಿ, ಜಲ್ಲಿಕಲ್ಲಿನ ಒಣ ನೆಲದಲ್ಲಿ ಮಣ್ಣಿಗೆ ಅಂಟಿಕೊಂಡು ಬೆಳೆಯುವ ಕುಳ್ಳ ಗಿಡ. ಇದರ ಕಾಯಿಯ ಸುತ್ತ ಕಾಗದದಂಥ ಪೊರೆ ಬಲೂನಿನಂತೆ ಉಬ್ಬಿಕೊಳ್ಳುತ್ತದೆ. ಅದನ್ನು ಕಂಡ ಚೀನೀಯರು ಗಿಡಕ್ಕಿಟ್ಟ ಹೆಸರು ‘ಕುದುರೆ ಉಚ್ಚೆಯ ಗುಳ್ಳೆ’! ಈ ಬಳಗದ ಮೂರನೆಯದು ‘ಲಂಗ್‌ತಂಗ್’, ಅಂದರೆ ನಮ್ಮ ಗಂಧಿಗೆ ಅಂಗಡಿಗಳು ಖುರಾಸಾನಿ ಓಮ ಎಂದು ಮಾರುವ ಬೀಜದ ಗಿಡ. ಮೂರೂ ಬದನೆಯ ಕುಲದವು, ಮೂರೂ ವಿಷ, ಮೂರೂ ಮದ್ದು.

ಯುರೋಪಿನ ಪುಸ್ತಕಗಳಿಗೆ ಕರಿಯ ತಂಗ್‌ತ್ರೋಮ್ ಬಂದದ್ದು ತಡವಾಗಿ. ರಷ್ಯದ ಸೇನಾಧಿಕಾರಿ, ಅನ್ವೇಷಕ ನಿಕೊಲಾಯ್ ಪ್ರಜೆವಾಲ್‌ಸ್ಕಿ 1870ರ ದಶಕದಲ್ಲಿ ಮಧ್ಯ ಏಷ್ಯದ ದುರ್ಗಮ ನಾಡುಗಳಲ್ಲಿ ತಿರುಗಿ ಸಾವಿರಾರು ಗಿಡಗಳನ್ನು ಒಣಗಿಸಿ ತಂದ. ಮಂಗೋಲಿಯದ ಕಾಡುಕುದುರೆಗೆ ಹೆಸರು ಕೊಟ್ಟವನೂ ಇವನೇ. ಅವನು ತಂದದ್ದನ್ನು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೂತು ವಿಂಗಡಿಸಿ ಹೆಸರಿಟ್ಟವನು ಕಾರ್ಲ್ ಮ್ಯಾಕ್ಸಿಮೋವಿಚ್. 1881ರಲ್ಲಿ ಅವನು ಈ ಗಿಡವನ್ನು ವಿಜ್ಞಾನಕ್ಕೆ ಪರಿಚಯಿಸಿದ. ಟಿಬೆಟಿನ ಈಶಾನ್ಯ ಭಾಗವನ್ನು ರಷ್ಯನ್ನರು ಟಾಂಗುಟ್ ನಾಡು ಎನ್ನುತ್ತಿದ್ದುದರಿಂದ ಹೆಸರಿನಲ್ಲಿ ‘ಟಾಂಗ್ಯುಟಿಕಸ್’ ಸೇರಿತು. ಬಿಳಿಯ ತಂಗ್‌ತ್ರೋಮ್‌ಗಂತೂ ಪ್ರಜೆವಾಲ್‌ಸ್ಕಿಯ ಹೆಸರೇ ಅಂಟಿಕೊಂಡಿತು.

ಇದೇ ಅನಿಸೋಡಸ್ ಜಾತಿಯ ಇನ್ನೊಂದು ಗಿಡ ನೇಪಾಳ, ಸಿಕ್ಕಿಂ, ಭೂತಾನಗಳ ಹಿಮಾಲಯದ ಮಡಿಲಲ್ಲಿದೆ. ಇತ್ತ ಕಾಶ್ಮೀರದ ಕಣಿವೆಗಳಲ್ಲಿ ಇವಕ್ಕೆ ಹತ್ತಿರದ ಭಾರತೀಯ ಬೆಲ್ಲಡೋನ ಬೆಳೆಯುತ್ತದೆ. ಹೀಗೆ ಹಿಮಾಲಯದ ಎರಡೂ ಬದಿಗೆ ಈ ವಿಷದ ಕುಟುಂಬ ನೆಲೆ ಊರಿದೆ.

ಅಮ್ಚಿಯ ಚೀಲದಲ್ಲಿ

ಹಿಮಾಲಯದ ಬೌದ್ಧ ನಾಡುಗಳಲ್ಲಿ ವೈದ್ಯನಿಗೆ ‘ಅಮ್ಚಿ’ ಎಂದು ಹೆಸರು. ಅವನ ವಿದ್ಯೆ ‘ಸೋವ ರಿಗ್ಪ’, ಎಂದರೆ ಗುಣಪಡಿಸುವ ವಿದ್ಯೆ. ನಮ್ಮ ವಾತ, ಪಿತ್ತ, ಕಫಗಳಿಗೆ ಹೋಲುವ ಮೂರು ದೋಷಗಳ ಲೆಕ್ಕ ಅಲ್ಲೂ ಉಂಟು. ಅದು ಕಾಕತಾಳೀಯವಲ್ಲ. ವಾಗ್ಭಟನ ಅಷ್ಟಾಂಗಹೃದಯ 11ನೆಯ ಶತಮಾನದಲ್ಲೇ ಟಿಬೆಟನ್ ಭಾಷೆಗೆ ಅನುವಾದವಾಗಿತ್ತು. ಟಿಬೆಟಿನ ವೈದ್ಯರು ಅದನ್ನು ತಮ್ಮ ನೆಲದ ಗಿಡಗಳಿಗೆ, ತಮ್ಮ ಚಳಿಗೆ, ತಮ್ಮ ರೋಗಗಳಿಗೆ ಒಗ್ಗಿಸಿಕೊಂಡರು. ಅವರ ಮೂಲಗ್ರಂಥ ‘ಗ್ಯೂಷಿ’ಯಲ್ಲಿ 156 ಅಧ್ಯಾಯಗಳಿವೆ. 18ನೆಯ ಶತಮಾನದಲ್ಲಿ ತೆನ್‌ಜಿನ್ ಫುನ್‌ತ್ಸೊಕ್ ಎಂಬ ವೈದ್ಯವಿದ್ವಾಂಸ ಗಿಡ, ಖನಿಜ, ಪ್ರಾಣಿಜನ್ಯ ಮದ್ದುಗಳ ದೊಡ್ಡ ನಿಘಂಟನ್ನೇ ರಚಿಸಿದ.

ತಂಗ್‌ತ್ರೋಮ್ ಈ ಪರಂಪರೆಯಲ್ಲಿ ಮುಖ್ಯವಾಗಿ ನೋವಿನ ಮದ್ದು, ಕ್ರಿಮಿಯ ಮದ್ದು. ಹೊಟ್ಟೆ ಹಿಂಡುವ ಶೂಲೆ, ಹಲ್ಲುನೋವು, ಬಾವು, ಕೀವುಗಟ್ಟಿದ ಹುಣ್ಣು, ಹೊಟ್ಟೆಹುಳು ಇವಕ್ಕೆಲ್ಲ ಅದರ ಉಪಯೋಗ. ಕ್ರಿಮಿ ಎಂದಾಗ ಕಣ್ಣಿಗೆ ಕಾಣುವ ಹುಳುವನ್ನಷ್ಟೇ ಎಣಿಸಬಾರದು. ದೇಹದೊಳಗೆ ಸೇರಿ ಉರಿ, ನಂಜು ಹುಟ್ಟಿಸುವ ಕಾಣದ ಜೀವಿಗಳ ಕಲ್ಪನೆಯೂ ಆ ಶಾಸ್ತ್ರದಲ್ಲಿದೆ.

ಹಲ್ಲುನೋವಿನ ಚಿಕಿತ್ಸೆಯ ಕಥೆ ಸ್ವಾರಸ್ಯದ್ದು. ಹಲ್ಲನ್ನು ಹುಳು ಕೊರೆಯುತ್ತದೆ ಎಂಬ ನಂಬಿಕೆ ಯುರೋಪಿನಿಂದ ಚೀನಾದವರೆಗೆ ಹಬ್ಬಿತ್ತು. ಲಂಗ್‌ತಂಗ್ ಬೀಜವನ್ನು ಕೆಂಡದ ಮೇಲೆ ಹಾಕಿ ಹೊಗೆಯನ್ನು ಬಾಯಿಗೆ ಹಿಡಿದರೆ ಹುಳು ಸಾಯುತ್ತದೆ ಎಂದು ಜನ ನಂಬಿದ್ದರು. ಬಿಸಿಗೆ ಬೀಜ ಸಿಡಿದು, ಒಳಗಿನ ಸುರುಳಿಯಾಕಾರದ ಬಿಳಿಯ ಭ್ರೂಣ ಹೊರಗೆ ಬೀಳುತ್ತಿತ್ತು. ಅದನ್ನೇ ‘ಇಗೋ ಹುಳು’ ಎಂದು ತೋರಿಸಿ ಕಾಸು ಕಿತ್ತವರು ಎಲ್ಲ ದೇಶಗಳಲ್ಲೂ ಇದ್ದರು. ನಮ್ಮ ಹಳ್ಳಿಗಳಲ್ಲಿ ನೆಲಗುಳ್ಳದ ಬೀಜದ ಹೊಗೆ ಹಿಡಿದು ಹಲ್ಲಿನ ಹುಳು ತೆಗೆಯುತ್ತಿದ್ದುದನ್ನು ಹಿರಿಯರು ಬಲ್ಲರು. ನೆಲಗುಳ್ಳವೂ ಬದನೆಯ ಕುಲದ್ದೇ!

ಹುಳು ಸುಳ್ಳಾದರೂ ಲಂಗ್‌ತಂಗ್ ಹೊಗೆಯಿಂದ ಆಗುತ್ತಿದ್ದ ಪರಿಣಾಮ ಪೂರ್ತಿ ಸುಳ್ಳಲ್ಲ. ಹೊಗೆಯೊಂದಿಗೆ ಒಳಹೊಕ್ಕ ಸ್ಕೋಪೋಲಮಿನ್ ಮಂಪರು ತರಿಸುತ್ತದೆ, ನೋವಿನ ಅರಿವನ್ನು ಮಬ್ಬುಗೊಳಿಸುತ್ತದೆ. ಕಾರಣ ತಪ್ಪಾಗಿದ್ದರೂ ಅನುಭವ ನಿಜವಾಗಿತ್ತು. ಜನಪದ ವೈದ್ಯದ ಎಷ್ಟೋ ಮಾತುಗಳು ಹೀಗೆಯೇ. ಪೂರ್ತಿ ನುಂಗಲೂ ಆಗದು, ಪೂರ್ತಿ ಉಗುಳಲೂ ಆಗದು.

ಇಷ್ಟು ತೀಕ್ಷ್ಣ ವಿಷವನ್ನು ಅಮ್ಚಿ ಒಂಟಿಯಾಗಿ ಕೊಡುವುದು ಅಪರೂಪ. ಟಿಬೆಟನ್ ಔಷಧಗಳು ಹತ್ತಾರು ವಸ್ತುಗಳು ಕೂಡಿದ ಗುಳಿಗೆಗಳು. ವಿಷದ ಬೇರು ಅದರಲ್ಲಿ ತೀರ ಚಿಕ್ಕ ಪಾಲು. ಆಯುರ್ವೇದದಲ್ಲೂ ದತ್ತೂರಿ ಬೀಜವನ್ನು ಹಸುವಿನ ಹಾಲಿನಲ್ಲಿ ತೂಗುಹಾಕಿ ಕುದಿಸಿ ಶೋಧನೆ ಮಾಡಿದ ನಂತರವೇ ಬಳಸಬೇಕೆಂಬ ಕಟ್ಟುಪಾಡಿದೆ. ಯುಕ್ತಿಯಿಂದ ಬಳಸಿದರೆ ವಿಷವೂ ಮದ್ದಾಗುತ್ತದೆ, ಯುಕ್ತಿಗೆಟ್ಟರೆ ಮದ್ದೂ ವಿಷವಾಗುತ್ತದೆ ಎಂಬುದು ಚರಕನ ಅಭಿಪ್ರಾಯ. ಆ ಯುಕ್ತಿಯನ್ನು ಕಲಿಯಲು ಶಿಷ್ಯ ಗುರುವಿನ ಬಳಿ ವರ್ಷಗಟ್ಟಲೆ ಇರಬೇಕಾಗಿತ್ತು. ಗಿಡ ಗುರುತಿಸುವುದು, ಯಾವ ತಿಂಗಳಲ್ಲಿ ಕೀಳಬೇಕೆಂದು ತಿಳಿಯುವುದು, ಯಾರಿಗೆ ಕೊಡಬಾರದೆಂದು ಅರಿಯುವುದು, ಎಲ್ಲವೂ ಆ ಪಾಠದಲ್ಲಿ ಸೇರಿತ್ತು.

ಬೀಗದ ಕಣ್ಣಿಗೆ ಕಡ್ಡಿ

ಈ ವಿಷ ದೇಹದಲ್ಲಿ ಮಾಡುವುದೇನು? ನಮ್ಮ ಇಚ್ಛೆಗೆ ಕಾಯದೆ ತಮ್ಮಷ್ಟಕ್ಕೆ ನಡೆಯುವ ಕೆಲಸಗಳು ದೇಹದಲ್ಲಿ ಹಲವು. ಬಾಯಲ್ಲಿ ಜೊಲ್ಲು ಬರುವುದು, ಬೆವರುವುದು, ಕರುಳು ಹಿಂಡುವುದು, ಕಣ್ಣಿನ ಪಾಪೆ ಕುಗ್ಗುವುದು ಇಂಥವು. ಇವಕ್ಕೆಲ್ಲ ನರಗಳ ತುದಿಯಿಂದ ಸಂದೇಶ ಒಯ್ಯುವ ದೂತನ ಹೆಸರು ಅಸಿಟೈಲ್‌ಕೋಲಿನ್. ಅಂಗಗಳ ಮೇಲೆ ಅದಕ್ಕಾಗಿ ಬೀಗದ ಕಣ್ಣಿನಂಥ ಜಾಗಗಳಿವೆ. ಕೀಲಿ ಹೊಕ್ಕರೆ ಕೆಲಸ ಶುರು.

ಅಟ್ರೋಪಿನ್ ಮತ್ತು ಅದರ ಬಳಗ ಆ ಬೀಗದ ಕಣ್ಣಿಗೆ ತುರುಕಿದ ಕಡ್ಡಿಯಿದ್ದಂತೆ. ಬೀಗ ತೆರೆಯುವುದೂ ಇಲ್ಲ, ನಿಜವಾದ ಕೀಲಿಗೆ ಜಾಗವೂ ಇಲ್ಲ. ಆಗ ಜೊಲ್ಲು ನಿಲ್ಲುತ್ತದೆ, ಬೆವರು ಆರುತ್ತದೆ, ಹಿಂಡುತ್ತಿದ್ದ ಕರುಳು ಸಡಿಲವಾಗುತ್ತದೆ, ಪಾಪೆ ಅಗಲವಾಗುತ್ತದೆ. ಹೊಟ್ಟೆಶೂಲೆಯಲ್ಲಿ ನರಳುವವನಿಗೆ ಅಮ್ಚಿಯ ಗುಳಿಗೆ ನೆಮ್ಮದಿ ಕೊಡುತ್ತಿದ್ದುದರ ಗುಟ್ಟು ಇದು.

ಅಳತೆ ಮೀರಿದರೆ ಅದೇ ಪಟ್ಟಿ ಭಯಾನಕವಾಗುತ್ತದೆ. ಬಾಯಿ ಒಣಗಿ ಗುಟುಕು ನೀರೂ ಇಳಿಯದು. ಬೆವರಿಲ್ಲದೆ ಮೈ ಕಾದ ಹೆಂಚಾಗುತ್ತದೆ. ಚರ್ಮ ಕೆಂಪೇರುತ್ತದೆ. ಅಗಲವಾದ ಪಾಪೆಗೆ ಬೆಳಕು ಸಹಿಸದು, ಹತ್ತಿರದ್ದು ಕಾಣದು. ಮೂತ್ರ ಕಟ್ಟುತ್ತದೆ, ಎದೆ ಓಡುತ್ತದೆ. ಕೊನೆಗೆ ವಿಷ ಮೆದುಳಿಗೆ ಏರಿ, ಇಲ್ಲದವರೊಡನೆ ಮಾತು, ಇಲ್ಲದ ವಸ್ತುವನ್ನು ಗಾಳಿಯಲ್ಲಿ ಹಿಡಿಯುವ ಚೇಷ್ಟೆ, ಆಮೇಲೆ ಮೈಮರೆವು. ಮಕ್ಕಳಿಗಂತೂ ಸ್ವಲ್ಪವೇ ಸಾಕು.

ಯುರೋಪಿನಲ್ಲಿ ಬೆಲ್ಲಡೋನದಿಂದ ಅಟ್ರೋಪಿನ್ ಬೇರ್ಪಟ್ಟದ್ದು 1830ರ ದಶಕದ ಆರಂಭದಲ್ಲಿ. ಗ್ರೀಕ್ ಪುರಾಣದಲ್ಲಿ ಆಯಸ್ಸಿನ ದಾರವನ್ನು ಕತ್ತರಿಸುವ ದೇವತೆ ಅಟ್ರೊಪೋಸ್. ಗಿಡಕ್ಕೆ ಅವಳ ಹೆಸರು, ಗಿಡದಿಂದ ಮದ್ದಿಗೆ ಹೆಸರು. ಟಿಬೆಟಿನ ಗಿಡದ ಒಳಗುಟ್ಟು ರಸಾಯನಶಾಸ್ತ್ರಜ್ಞರ ಕೈಗೆ ಸಿಗಲು ಮಾತ್ರ ಇನ್ನೂ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

‘654’ ಎಂಬ ಗುಟ್ಟಿನ ಅಂಕಿ

1960ರ ದಶಕದಲ್ಲಿ ಚೀನಾದ ವೈದ್ಯರಿಗೆ ಎರಡು ರೋಗಗಳು ಸವಾಲಾಗಿದ್ದವು. ಒಂದು, ಮಕ್ಕಳನ್ನು ಗಂಟೆಗಳಲ್ಲೇ ಕೆಡವುವ ನಂಜಿನ ಆಮಶಂಕೆ. ಇನ್ನೊಂದು, ಮೆದುಳುಪೊರೆಯ ಉರಿಯೂತದ ಜ್ವರ. 1966–67ರಲ್ಲಿ ಎರಡನೆಯದು ದೇಶದುದ್ದಕ್ಕೂ ದೊಡ್ಡ ಹಾವಳಿಯನ್ನೇ ಎಬ್ಬಿಸಿತು. ರೋಗಾಣುವನ್ನು ಕೊಲ್ಲುವ ಔಷಧಗಳಿದ್ದವು. ಆದರೆ ಅವು ಕೆಲಸ ಮಾಡುವ ಮೊದಲೇ ಮಗುವಿನ ರಕ್ತಸಂಚಾರ ಕುಸಿಯುತ್ತಿತ್ತು. ಮುಖ ಬೂದಿಬಣ್ಣಕ್ಕೆ ತಿರುಗಿ, ಕೈಕಾಲು ತಣ್ಣಗಾಗಿ, ನಾಡಿ ಕೈಗೆ ಸಿಗದಾಗುತ್ತಿತ್ತು. ವೈದ್ಯರು ‘ಶಾಕ್’ ಎನ್ನುವ ಸ್ಥಿತಿ ಇದು.

ಇಂಥ ಮಕ್ಕಳಿಗೆ ಬೀಜಿಂಗಿನಲ್ಲಿ ಕೆಲವು ವೈದ್ಯರು ಅಟ್ರೋಪಿನ್ ಕೊಟ್ಟು ನೋಡುತ್ತಿದ್ದರು. ಸೆಟೆದುಕೊಂಡ ಸಣ್ಣ ರಕ್ತನಾಳಗಳನ್ನು ಅದು ಸಡಿಲಿಸೀತು ಎಂಬುದು ಅವರ ತರ್ಕ. ಗುಣ ಕಂಡರೂ ಅಟ್ರೋಪಿನ್‌ನ ವಿಷಗುಣದ ಭಯ ಇದ್ದೇ ಇತ್ತು. ಅದೇ ಸುಮಾರಿಗೆ ಟಿಬೆಟನ್ನರ ಕರಿಯ ತಂಗ್‌ತ್ರೋಮ್‌ನ ಬೇರನ್ನು ಶೋಧಿಸುತ್ತಿದ್ದ ಚೀನೀ ವಿಜ್ಞಾನಿಗಳಿಗೆ ಹೊಸದೊಂದು ಸಸ್ಯಕ್ಷಾರ ಸಿಕ್ಕಿತು. ಅಟ್ರೋಪಿನ್‌ನ ಒಡಹುಟ್ಟಿನಂಥ ವಸ್ತು. ಇಬ್ಬರ ನಡುವಿನ ವ್ಯತ್ಯಾಸ ಒಂದು ಆಮ್ಲಜನಕದ ಪರಮಾಣುವಿನಷ್ಟು, ಅಷ್ಟೇ! ಆ ಒಂದು ಪರಮಾಣುವಿನಿಂದಾಗಿ ಅದು ಮೆದುಳಿಗೆ ಸುಲಭವಾಗಿ ನುಗ್ಗಲಾರದು. ಹಾಗಾಗಿ ಹುಚ್ಚು ಹಿಡಿಸುವ ಗುಣ ಕಡಿಮೆ, ವಿಷವೂ ಕಡಿಮೆ.

ಗಿಡದ ಹೆಸರಿನಿಂದಲೇ ಅದಕ್ಕೆ ‘ಅನಿಸೋಡಮಿನ್’ ಎಂದು ಹೆಸರಿಟ್ಟರು. ಆಸ್ಪತ್ರೆಗಳಲ್ಲಿ ಬಳಕೆಗೆ ಬಂದ ಹೆಸರು ಮಾತ್ರ ‘654’. ಅದು 1965ನೇ ಇಸವಿಯ ನಾಲ್ಕನೆಯ ತಿಂಗಳ ಗುರುತು. ಬೇರಿನಿಂದ ತೆಗೆದದ್ದು 654-1, ಆಮೇಲೆ ಪ್ರಯೋಗಶಾಲೆಯಲ್ಲಿ ಕಟ್ಟಿದ್ದು 654-2.

ಅದನ್ನು ಕೊಡುತ್ತಿದ್ದ ರೀತಿಯೂ ಗಮನಿಸುವಂಥದು. ಒಮ್ಮೆ ಚುಚ್ಚಿ ಕೈತೊಳೆದುಕೊಳ್ಳುವ ಮದ್ದು ಅದಾಗಿರಲಿಲ್ಲ. ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ರಕ್ತನಾಳಕ್ಕೆ ಕೊಡುತ್ತ ವೈದ್ಯರು ಮಗುವಿನ ಮುಖ ನೋಡುತ್ತ ಕೂರುತ್ತಿದ್ದರು. ಬೂದಿಬಣ್ಣ ಹೋಗಿ ಕೆನ್ನೆಗೆ ಕೆಂಪು ಬಂದಿತೆ? ಅಂಗಾಲು ಬೆಚ್ಚಗಾಯಿತೆ? ಆಗ ನಿಲ್ಲಿಸಬೇಕು. ವಿಷದ ಲಕ್ಷಣವೆಂದು ಪಟ್ಟಿಯಲ್ಲಿದ್ದ ಕೆಂಪೇರುವ ಚರ್ಮವೇ ಇಲ್ಲಿ ಗುಣವಾಗುತ್ತಿರುವುದರ ಸೂಚನೆ!

ರಕ್ತನಾಳಗಳಲ್ಲಿ ಆಗುವುದೇನು ಎಂಬ ಪ್ರಶ್ನೆಯನ್ನು ಚೀನಾದ ವಿಜ್ಞಾನಿ ಷಿಯು ರುಯ್‌ಜುವಾನ್ ಬೆನ್ನಟ್ಟಿದರು. ಕೂದಲಿಗಿಂತ ಸಪುರವಾದ ನಾಳಗಳಲ್ಲಿ ರಕ್ತ ಹರಿಯುವುದನ್ನು ಸೂಕ್ಷ್ಮದರ್ಶಕದಲ್ಲಿ ಅಭ್ಯಸಿಸಿದ ಅವರು, ಅಮೆರಿಕದ ಸಹೋದ್ಯೋಗಿಗಳೊಂದಿಗೆ ಕೂಡಿ 1982ರಲ್ಲಿ ಅಲ್ಲಿನ ವೈದ್ಯಸಂಘದ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ರಕ್ತದ ಬಿಳಿಕಣಗಳೂ ಕಿರುಬಿಲ್ಲೆಗಳೂ ಒಂದಕ್ಕೊಂದು ಅಂಟಿ ಗುಂಪುಗಟ್ಟುವುದನ್ನು ಈ ಮದ್ದು ತಡೆಯುತ್ತದೆ ಎಂಬುದು ಅದರ ಸಾರ. ಚೀನಾದಲ್ಲಿ ಅನಿಸೋಡಮಿನ್ ಇಂದಿಗೂ ಬಳಕೆಯಲ್ಲಿದೆ. ಹೊಟ್ಟೆ, ಕರುಳಿನ ಸೆಳೆತಕ್ಕೂ ಅದನ್ನು ಕೊಡುತ್ತಾರೆ. ಬೇರೆ ದೇಶಗಳ ಆಸ್ಪತ್ರೆಗಳಲ್ಲಿ ಅದು ಅಷ್ಟಾಗಿ ನೆಲೆಯೂರಿಲ್ಲ.

ತಾಲ್ಲೂಕು ಆಸ್ಪತ್ರೆಯ ಗಾಜಿನ ಬುರುಡೆ

ಇದೆಲ್ಲ ದೂರದ ಮಾತು ಎನ್ನುವಂತಿಲ್ಲ. ಅನಿಸೋಡಮಿನ್‌ನ ಒಡಹುಟ್ಟು ಅಟ್ರೋಪಿನ್ ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲೂ ದಿನವೂ ಕೈಗೆಟುಕುವಂತಿರುವ ಮದ್ದು. ಚಿಕ್ಕ ಗಾಜಿನ ಬುರುಡೆಯಲ್ಲಿ ಅದರ ಪ್ರಮಾಣ ಸಾಮಾನ್ಯವಾಗಿ 0.6 ಮಿಲಿಗ್ರಾಂ. ಒಂದು ಸಾಸಿವೆ ಕಾಳಿನಷ್ಟೂ ತೂಕವಿಲ್ಲ.

ಹೊಲಕ್ಕೆ ಹೊಡೆಯುವ ಆರ್ಗನೊಫಾಸ್ಫರಸ್ ಕೀಟನಾಶಕ ಮೈಗೇರಿದಾಗ ಈ ಬುರುಡೆಗಳಿಗೆ ಕೆಲಸ. ಔಷಧ ಸಿಂಪಡಿಸುವಾಗ ಉಸಿರಲ್ಲಿ ಸೇರಿರಬಹುದು, ಸಾಲದ ಬೇಗೆಗೆ ಯಾರೋ ಕುಡಿದಿರಬಹುದು. ಆ ಕೀಟನಾಶಕ ಅಸಿಟೈಲ್‌ಕೋಲಿನ್‌ನನ್ನು ಕರಗಿಸುವ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಗ ದೂತನ ಹಾವಳಿಗೆ ತಡೆಯಿಲ್ಲ. ಜೊಲ್ಲು ಸುರಿಯುತ್ತದೆ, ಬೆವರು ಕಿತ್ತುಬರುತ್ತದೆ, ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಶ್ವಾಸಕೋಶ ತನ್ನದೇ ನೀರಲ್ಲಿ ಮುಳುಗುತ್ತದೆ. ಬೀಗದ ಕಣ್ಣಿಗೆ ಕಡ್ಡಿ ತುರುಕುವ ಅಟ್ರೋಪಿನ್ ಈ ಹಾವಳಿಗೆ ನೇರ ಎದುರಾಳಿ.

ವೈದ್ಯರು 1.8ರಿಂದ 3 ಮಿಲಿಗ್ರಾಂನಿಂದ ಶುರುಮಾಡಿ, ಐದೈದು ನಿಮಿಷಕ್ಕೆ ಪ್ರಮಾಣವನ್ನು ಇಮ್ಮಡಿಸುತ್ತ ಹೋಗುವ ಕ್ರಮವಿದೆ. ಎದೆಯಲ್ಲಿ ಗೊರಗೊರ ನಿಲ್ಲಬೇಕು, ಕಂಕುಳು ಒಣಗಬೇಕು, ನಾಡಿ ಏರಬೇಕು. ಆರೋಗ್ಯವಂತನಿಗೆ 10 ಮಿಲಿಗ್ರಾಂ ಕೊಟ್ಟರೆ ಭ್ರಮೆ ಹಿಡಿದೀತು. ಕೀಟನಾಶಕ ಕುಡಿದವನಿಗೆ ಅದಕ್ಕಿಂತ ಹೆಚ್ಚೂ ಬೇಕಾಗಬಹುದು. ರೋಗಿ ಗಾಳಿಯಲ್ಲಿ ಏನನ್ನೋ ಹಿಡಿಯಲು ಹೊರಟರೆ, ಮೈ ಒಣಗಿ ಸುಡತೊಡಗಿದರೆ, ಮದ್ದು ವಿಷವಾಗುತ್ತಿದೆ ಎಂದು ತಿಳಿದು ಕೈ ಹಿಡಿಯಬೇಕು. ಇಲ್ಲೂ ಅಳತೆಗೋಲು ರೋಗಿಯ ಮೈಯೇ. ಗುರು ಶಿಷ್ಯನಿಗೆ ಕಲಿಸುತ್ತಿದ್ದ ಯುಕ್ತಿಗೂ ರಾತ್ರಿ ಪಾಳಿಯ ವೈದ್ಯ, ನರ್ಸ್ ಕಲಿಯಬೇಕಾದ ಯುಕ್ತಿಗೂ ಅಂತರ ಕಡಿಮೆ.

ಸೊಪ್ಪುಸದೆ ಎಂಬ ಸದರ

ಗಿಡಮೂಲಿಕೆಯಲ್ಲವೆ, ಒಳ್ಳೆಯದಾಗದಿದ್ದರೂ ಕೆಟ್ಟದ್ದಂತೂ ಆಗುವುದಿಲ್ಲ ಎಂಬ ಮಾತು ನಮ್ಮಲ್ಲಿ ಬಹಳ ಸದರವಾಗಿ ಬಳಕೆಯಾಗುತ್ತದೆ. ತಂಗ್‌ತ್ರೋಮ್ ಆ ಮಾತಿಗೆ ಖಡಾಖಂಡಿತ ಉತ್ತರ. ಬಲ್ಲವರ ಕೈಯಲ್ಲೇ ಇದು ಕಷ್ಟದ ಮದ್ದು. ಒಂದೇ ಗಿಡದ ಬೇರಿನಲ್ಲೂ ಎಲೆಯಲ್ಲೂ ವಿಷದ ಪ್ರಮಾಣ ಬೇರೆ. ವಸಂತದಲ್ಲಿ ಒಂದು ಬಗೆ, ಶರತ್ಕಾಲದಲ್ಲಿ ಇನ್ನೊಂದು ಬಗೆ. ಈ ಇಳಿಜಾರಿನ ಗಿಡದಂತೆ ಆ ಇಳಿಜಾರಿನದಲ್ಲ. ಗಾಜಿನ ಬುರುಡೆಯ ಮೇಲೆ ಮಿಲಿಗ್ರಾಂ ಬರೆದಿರುತ್ತದೆ. ಬೇರಿನ ಮೇಲೆ ಯಾರೂ ಬರೆದಿರುವುದಿಲ್ಲ.

ದತ್ತೂರಿಯ ವಿಷಯದಲ್ಲಿ ಈ ಪಾಠವನ್ನು ನಮ್ಮ ನಾಡು ಚೆನ್ನಾಗಿಯೇ ಕಲಿತಿದೆ. ಬೀಜ ಅರೆದು ದಾರಿಹೋಕರ ಊಟಕ್ಕೆ ಬೆರೆಸಿ, ಅವರು ಮೈಮರೆತಾಗ ದೋಚುತ್ತಿದ್ದ ಪ್ರಸಂಗಗಳು 19ನೆಯ ಶತಮಾನದ ಭಾರತದ ಪೋಲಿಸು, ವೈದ್ಯ ದಾಖಲೆಗಳಲ್ಲಿ ಬೇಕಾದಷ್ಟಿವೆ. ಉಬ್ಬಸಕ್ಕೆ ಒಳ್ಳೆಯದೆಂದು ದತ್ತೂರಿ ಎಲೆಯ ಹೊಗೆ ಸೇದಿದವರೂ ಇದ್ದರು. ಸೆಟೆದ ಶ್ವಾಸನಾಳ ಅದರಿಂದ ಸಡಿಲವಾಗುವುದು ನಿಜ. ಆದರೆ ಎಷ್ಟು ಸೇದಿದರೆ ಮದ್ದು, ಎಷ್ಟು ಸೇದಿದರೆ ‘ಮದ್ದು’ ಎಂಬ ಗೆರೆ ಹೊಗೆಯಲ್ಲಿ ಕಾಣುವುದಿಲ್ಲ.

ಬೇರಿಗೇ ಬಂದ ಕುತ್ತು

ಎಲೆ ಕಿತ್ತರೆ ಗಿಡ ಮತ್ತೆ ಚಿಗುರುತ್ತದೆ. ಹಣ್ಣು ಕೊಯ್ದರೆ ಮುಂದಿನ ವರ್ಷ ಮತ್ತೆ ಬಿಡುತ್ತದೆ. ಬೇರು ಅಗೆದರೆ? ಅಲ್ಲಿಗೆ ಮುಗಿಯಿತು. ಬೆಳೆಯುವ ಕಾಲ ವರ್ಷದಲ್ಲಿ ಕೆಲವೇ ತಿಂಗಳು ಸಿಗುವ ಆ ಎತ್ತರದಲ್ಲಿ ಬೇರು ದಪ್ಪಗಾಗಲು ವರ್ಷಗಳೇ ಬೇಕು. ಅಮ್ಚಿ ತನ್ನ ಕಣಿವೆಯ ರೋಗಿಗಳಿಗೆಂದು ನಾಲ್ಕಾರು ಬೇರು ಅಗೆಯುತ್ತಿದ್ದ ಕಾಲದಲ್ಲಿ ಗಿಡಕ್ಕೆ ತೊಂದರೆಯಿರಲಿಲ್ಲ. ಕಾರ್ಖಾನೆಗೆ ಮೂಟೆಗಟ್ಟಲೆ ಬೇರು ಬೇಕೆಂದಾಗ ಲೆಕ್ಕ ತಪ್ಪಿತು. ಕಾಡಿನಿಂದಲೇ ಅಗೆದು ತರುವ ಈ ಕ್ರಮದಿಂದ ಕರಿಯ ತಂಗ್‌ತ್ರೋಮ್ ಅನೇಕ ಕಡೆ ವಿರಳವಾಗಿದೆ ಎಂದು ಚೀನಾದ ಸಸ್ಯವಿಜ್ಞಾನಿಗಳೇ ಎಚ್ಚರಿಸಿದ್ದಾರೆ. ಕಾಶ್ಮೀರದ ಬೆಲ್ಲಡೋನಕ್ಕೂ ಇದೇ ಗತಿ ಬಂದಿದೆ. ಅಗೆತ ಮತ್ತು ನೆಲೆಯ ನಾಶದಿಂದ ಅದೂ ಅಳಿವಿನ ಅಂಚಿಗೆ ಸರಿದಿದೆ.

ಹೊಲದಲ್ಲಿ ಬೆಳೆಸುವ ಯತ್ನಗಳು ನಡೆದಿವೆ. ಗಿಡವನ್ನು ಬಿಟ್ಟು ಬರೀ ಬೇರಿನ ಎಳೆಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ ಅದರಿಂದ ಸಾರ ತೆಗೆಯುವ ಪ್ರಯೋಗಗಳೂ ಆಗಿವೆ. 2020ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಶಾಂತ್ ಶ್ರೀನಿವಾಸನ್ ಮತ್ತು ಕ್ರಿಸ್ಟಿನಾ ಸ್ಮೋಲ್ಕೆ ಇನ್ನೂ ಮುಂದೆ ಹೋದರು. ಬ್ರೆಡ್ ಉಬ್ಬಿಸುವ ಯೀಸ್ಟ್‌ಗೆ ಗಿಡ, ಬ್ಯಾಕ್ಟೀರಿಯ, ಪ್ರಾಣಿಗಳ ಜೀನ್‌ಗಳನ್ನು ಸೇರಿಸಿ, ಅದರಿಂದ ಹಯೋಸಯಮಿನ್ ಮತ್ತು ಸ್ಕೋಪೋಲಮಿನ್ ತಯಾರಿಸಿ ತೋರಿಸಿದರು. ಸಕ್ಕರೆ ಉಣಿಸಿದರೆ ಯೀಸ್ಟು ಬದನೆ ಕುಲದ ವಿಷ ಕೊಡುತ್ತದೆ! ಇಂಥ ಪೀಪಾಯಿಗಳು ಕಾರ್ಖಾನೆಯ ಮಟ್ಟಕ್ಕೆ ಏರಿದರೆ ಹಿಮದ ಬಯಲಿನ ಬೇರಿನ ಮೇಲಿನ ಒತ್ತಡ ಇಳಿದೀತು.

ಆದರೆ ಅಳಿಯುತ್ತಿರುವುದು ಬೇರೊಂದೇ ಅಲ್ಲ. ಲ್ಹಾಸಾದ ಚಕ್‌ಪೊರಿ ಬೆಟ್ಟದ ಮೇಲೆ 1696ರಲ್ಲಿ ಸ್ಥಾಪನೆಯಾಗಿದ್ದ ವೈದ್ಯವಿದ್ಯಾಲಯ 1959ರ ದಂಗೆಯ ಸಮಯದ ಗುಂಡಿನ ದಾಳಿಗೆ ನೆಲಸಮವಾಯಿತು. 1916ರಲ್ಲಿ ಲ್ಹಾಸಾದಲ್ಲಿ ಹುಟ್ಟಿದ್ದ ‘ಮೆನ್-ತ್ಸಿ-ಖಾಂಗ್’ ವೈದ್ಯಸಂಸ್ಥೆಯನ್ನು ನಿರಾಶ್ರಿತರಾಗಿ ಬಂದ ಟಿಬೆಟನ್ನರು 1961ರಲ್ಲಿ ಧರ್ಮಶಾಲೆಯಲ್ಲಿ ಮತ್ತೆ ಕಟ್ಟಿದರು. ಅದರ ಶಾಖೆಗಳು ನಮ್ಮ ಬೈಲಕುಪ್ಪೆ, ಮುಂಡಗೋಡುಗಳ ಟಿಬೆಟನ್ ನೆಲೆಗಳಲ್ಲೂ ಇವೆ. ಸೋವ ರಿಗ್ಪ ಭಾರತದಲ್ಲಿ ಅಧಿಕೃತ ವೈದ್ಯಪದ್ಧತಿಯೆಂದು ಮಾನ್ಯತೆ ಪಡೆದದ್ದು 2010ರಲ್ಲಿ. ವಿದ್ಯೆ ಬಯಲುಸೀಮೆಗೆ ಇಳಿದು ಬಂತು, ಗಿಡಗಳು ಇಳಿದು ಬರಲಿಲ್ಲ. ಮೈಸೂರು ಸೀಮೆಯ ಮುಸುಕಿನ ಜೋಳದ ಹೊಲದಲ್ಲಿ ತಂಗ್‌ತ್ರೋಮ್ ಹುಟ್ಟದು. ಕಣಿವೆಯಲ್ಲಿ ಹುಟ್ಟಿದ ಅಮ್ಚಿ ಗಿಡವನ್ನು ಅದರ ಮಣ್ಣಿನಲ್ಲೇ ಕಂಡು, ಮುಟ್ಟಿ, ಮೂಸಿ ಕಲಿಯುತ್ತಿದ್ದ. ಬಯಲಿನಲ್ಲಿ ಬೆಳೆದವನಿಗೆ ಅದು ಮೊದಲು ಸಿಗುವುದು ಪುಸ್ತಕದ ಚಿತ್ರದಲ್ಲಿ, ಆಮೇಲೆ ಪುಡಿಯ ರೂಪದಲ್ಲಿ.

ವಿಷವನ್ನು ಯೀಸ್ಟಿನ ಪೀಪಾಯಿಯಲ್ಲಿ ಬೇಕಾದಷ್ಟು ಕುದಿಸಬಹುದು. ಅಳತೆ ಬಲ್ಲ ಕೈಯನ್ನು ಹಾಗೆ ಕುದಿಸಿ ತೆಗೆಯಲಾಗದು. ಅದು ತಲೆಮಾರಿನಿಂದ ತಲೆಮಾರಿಗೆ, ಗಿಡದ ಎದುರು ನಿಂತೇ ದಾಟಬೇಕು. ಅದಕ್ಕಾಗಿಯಾದರೂ ಆ ಇಳಿಜಾರುಗಳಲ್ಲಿ ಒಂದಿಷ್ಟು ಬೇರುಗಳನ್ನು ಅಗೆಯದೆ ಉಳಿಸಬೇಕಾಗಿದೆ.